ಮೀನಿಲ್ಲದ ಮನೆ

ಹಳದಿ, ಶಹಾಬಾದ್ ದಾಟುತ್ತಲೇ ರೈಲಿನ ಕಿಟಕಿಯ ಸರಳುಗಳಾಚೆ ಒಂದು ಕುಸುಬೆ ಹೊಲ, ಬಿರಿದ ಹಳದಿ, ಅಲ್ಲ, ಬಾಟಲಿಯಲ್ಲಿ ಕಂಡದ್ದು ಈ ಹಳದಿಯಲ್ಲ, ಇದರಲ್ಲಿ ಕೆಂಪು ಬೆರೆತಿದೆ, ಅದು ನಿಂಬೆಹಣ್ಣಿನ ಸಿಪ್ಪೆಯಂಥದು, ಒದ್ದೆ ಸಿಪ್ಪೆ, ಹಸಿರು ಹಾಸಿನ ಮೇಲೆ ಯಾರೋ ಸೂಜಿಮೊನೆಯಿಂದ ಇಟ್ಟ ಹಾಗೆ ಹದಿನಾಲ್ಕು ಚುಕ್ಕಿ, ಎರಡು ಸಲ ಎಣಿಸಿದ್ದಳು, ಮೂರನೆಯ ಸಲ ಎಣಿಕೆ ತಪ್ಪಿತ್ತು — ಭುವನೇಶ್ವರಿ ಮಡಿಲಿನ ಚೀಲವನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು, ಬಾಟಲಿಯೇನೋ ಅದರಲ್ಲಿಲ್ಲ, ಕಲಬುರಗಿಯ ಲ್ಯಾಬಿನಲ್ಲಿ ಪ್ರಮಿತಾ ಮೇಡಂ ಮೇಜಿನ ಮೇಲಿದೆ, ಚೀಲದಲ್ಲಿರುವುದು ಖಾಲಿ ಬುತ್ತಿಡಬ್ಬಿ, ಡೈರಿ, ಸೇಡಂವರೆಗಿನ ತಿಂಗಳ ಪಾಸು, ಆದರೂ ಹಿಡಿತ ಸಡಿಲಿಸಲು ಆಗುತ್ತಿಲ್ಲ, ಎದುರು ಸೀಟಿನ ಹೆಂಗಸು ಎರಡು ಸಲ ನೋಡಿದಳು, ಈ ಹುಡುಗಿ ಚೀಲದಲ್ಲಿ ಬಂಗಾರ ಇಟ್ಟುಕೊಂಡಿದ್ದಾಳೇನೋ ಎಂಬಂತೆ. ಒಂದೂವರೆ ವರ್ಷ ಆ ಲ್ಯಾಬಿನಲ್ಲಿ ಯಾರದೋ ಕಫ, ಯಾರದೋ ಕೀವು, ಹೆಸರಿಲ್ಲದ ಸಂಖ್ಯೆಗಳು, ಸಂಖ್ಯೆಗೆ ಅತ್ತವಳಲ್ಲ ಅವಳು, ಹತ್ತೊಂಬತ್ತು ದಿನದ ಹಿಂದೆ ಬಂದ ಸಂಖ್ಯೆಯ ಹಿಂದೆ ಮಾತ್ರ ದೊಡ್ಡವ್ವ ಇದ್ದಳು, ದೊಡ್ಡವ್ವನ ಎಡಗೈ ನಡುಬೆರಳಿನಿಂದ ಸರ್ಜನ್ ಕೊಯ್ದು ಕಳಿಸಿದ ಜೋಳದ ಕಾಳಿನಷ್ಟು ಮಾಂಸ, ಅದನ್ನು ಅರೆದು ಬಾಟಲಿಗೆ ಹಾಕಿದ್ದು ಇವಳದೇ ಕೈ. ಮೊಟ್ಟೆ ಒಡೆದು ಕಲಸಿ ಹೆಪ್ಪುಗಟ್ಟಿಸಿದ ಹಸಿರು ಪಾಕ ಆ ಬಾಟಲಿಯೊಳಗೆ, ರೋಗದ ಜೀವಿಗಳಿಗೆ ಉಣಿಸು, ಲ್ಯಾಬಿನಲ್ಲಿ ದಿನಾ ಮೊಟ್ಟೆ ಒಡೆಯುತ್ತಾಳೆಂದು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ, ಡೈರಿಗೆ ಮಾತ್ರ ಗೊತ್ತು. ಎರಡು ಬಾಟಲಿ ಮೈಬಿಸಿಯಷ್ಟೇ ಬಿಸಿಯಿರುವ ಪೆಟ್ಟಿಗೆಯೊಳಗೆ, ಅದು ನಿಯಮ, ತಳದಲ್ಲಿ ಇನ್ನೊಂದು ಹನಿ ಉಳಿದಿತ್ತು, ದೊಡ್ಡವ್ವನ ಬೆರಳಿನ ಹನಿ, ಚೆಲ್ಲಲು ಮನಸ್ಸಾಗದೆ ಮೂರನೆಯ ಬಾಟಲಿಗೆ ಹಾಕಿದಳು, ಪೆಟ್ಟಿಗೆಯಲ್ಲಿ ಜಾಗವಿರಲಿಲ್ಲ, ಕಪಾಟಿನ ಕತ್ತಲೆಯಲ್ಲಿ ಹಳೆಯ ರಿಜಿಸ್ಟರಿನ ಹಿಂದೆ ಇಟ್ಟು ಮರೆತಳು, ಮರೆತೆನೆಂದು ಮೇಡಂಗೆ ಹೇಳಿದ್ದು ಅರ್ಧ ಸುಳ್ಳು, ದಿನಾ ಕದ್ದು ನೋಡುತ್ತಿದ್ದಳು. ಪೆಟ್ಟಿಗೆಯ ಎರಡರಲ್ಲೂ ಏನೂ ಇಲ್ಲ, ಬೋಳು, ಕಪಾಟಿನದರಲ್ಲಿ ನಿನ್ನೆ ಕೆನೆಬಣ್ಣದ ಚುಕ್ಕಿಗಳು, ನಿಜವೋ ಕಣ್ಣಿನ ಭ್ರಮೆಯೋ ಎಂದು ಬೆಳಕಿಗೆ ಹಿಡಿದು ಕಿಟಕಿಯಲ್ಲೇ ಇಟ್ಟು ಹೋದಳು, ಇವತ್ತು ಬೆಳಿಗ್ಗೆ ಬಂದು ನೋಡಿದರೆ ಕೆನೆ ಹೋಗಿ ಹಳದಿ, ಬೆಳಕು ಬಿದ್ದದ್ದಕ್ಕೇ ನಾಚಿ ಬಣ್ಣ ಬದಲಿಸಿದ ಹಾಗೆ, ಬದುಕಿನಲ್ಲಿ ಮೊದಲ ಸಲ ಅವಳು ಕಾರಿಡಾರಿನಲ್ಲಿ ಓಡಿದ್ದಳು.

ಮೇಡಂ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಒಂದು ಚುಕ್ಕಿಯನ್ನು ಗಾಜಿಗೆ ಸವರಿ ಬಣ್ಣ ಹಾಕಿಸಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರು, ಆಮೇಲೆ ಸ್ಟೂಲು ಬಿಟ್ಟು ಎದ್ದು ಇವಳನ್ನೇ ಕೂರಿಸಿದರು, ನೀಲಿ ಬಯಲಿನಲ್ಲಿ ಕೆಂಪು ಕಡ್ಡಿಗಳು, ತೆಳ್ಳಗೆ, ಒಂದರ ಮೇಲೊಂದು ಬಿದ್ದುಕೊಂಡು. ಇದು ಟಿ.ಬಿ. ಅಲ್ಲ ಭುವನಾ, ಟಿ.ಬಿ.ಯ ದಾಯಾದಿ. ಕತ್ತಲಾಗ ಬಿಳೀದು, ಬೆಳಕಿಗೆ ಹಳದಿ, ಮೈಬಿಸಿ ಒಲ್ಲದು, ತಂಪು ಬೇಕು, ಅದಕ್ಕೇ ಬೆರಳಿನಾಗ ಕೂತದ, ಪುಪ್ಪುಸಕ್ಕ ಹೋಗಿಲ್ಲ. ಮೀನಿನ ಮೈಯಾಗ ಇರೋದು ಇದು, ಮನುಷ್ಯಾಗ ಗಾಯದಿಂದ ಸೇರ್ತದ. ಮೈಕೋಬ್ಯಾಕ್ಟೀರಿಯಂ ಮರೀನಂ, ಪುಸ್ತಕದಲ್ಲಿ ಓದಿದ್ದ ಎರಡು ಸಾಲು, ಮರೀನಂ ಎಂದರೆ ಸಮುದ್ರದ್ದು, ತೊಗರಿ ಹೊಲಗಳ ನಡುವಿನ ಸೇಡಂಗೆ ಸಮುದ್ರ ಎಲ್ಲಿಂದ ಬರಬೇಕು, ಆದರೂ ಹೆಸರಿಟ್ಟು ಕರೆದರೆ ತಿರುಗಿ ನೋಡುವ ಪ್ರಾಣಿಯಂತೆ ಅದು ಗಾಜಿನ ಕೆಳಗೆ ಇತ್ತು, ಮೀನಿಗೂ ಮನುಷ್ಯರಿಗೂ ಒಂದೇ ಜೀವಿ, ಒಂದೇ ಹುಣ್ಣು, ಕಿವಿರಿನವರು ಪುಪ್ಪುಸದವರು ಎಂಬ ಭೇದವೇ ಅದಕ್ಕಿಲ್ಲ. ಮೇಡಂ ಫೋನು ಕೈಗೆತ್ತಿಕೊಂಡಿದ್ದರು, ಸರ್ಜನ್‌ಗೆ ಹಚ್ಚುವವರಿದ್ದರು, ಹಚ್ಚುವ ಮುಂಚೆ ಕೇಳಿದರು, ಪೇಶಂಟ್ ನಿಮ್ಮ ದೊಡ್ಡವ್ವ ಅಲ್ಲಾ, ಮೀನು ಮುಟ್ಟತಾರೇನು? ಅಯ್ಯೋ, ಇಲ್ರಿ ಮೇಡಂ, ನಾವು ಲಿಂಗಾಯತರು. ರೆಪ್ಪೆ ಬಡಿಯುವಷ್ಟರಲ್ಲಿ ಹೇಳಿದ್ದಳು, ಮೂರು ಮಾತು ಕೂಡಿಸಲು ಮೂರು ದಿನ ಬೇಕಾಗುವವಳು. ಅಕ್ವೇರಿಯಂ? ಇಲ್ರಿ. ಕೆರಿ, ಹೊಳಿ, ಮೀನಿನ ಮಾರ್ಕೆಟ್ ಬಾಜೂಕ ಮನಿ? ಇಲ್ರಿ. ಮೇಡಂ ಫೋನು ಮೇಜಿಗೆ ಇಟ್ಟರು, ಮೆತ್ತಗೆ. ಹಂಗಾದ್ರ ಕಷ್ಟ ಅದ. ಬಾಟಲಿ ನೀ ಹೊರಗ ಇಟ್ಟಿದ್ದಿ, ಕಪಾಟಿನಾಗ, ನಳದ ನೀರಿನಾಗಿಂದು ಯಾವುದೋ ಹೊಕ್ಕದ ಅಂತಾರ ಸರ್ಜನ್. ಮೀನಿಲ್ಲದ ಮನಿಗೆ ಮೀನಿನ ರೋಗ ಹ್ಯಾಂಗ ಬಂತು ಅಂದ್ರ ನನ್ನ ಕಡೆ ಜವಾಬಿಲ್ಲ. ಒಂದು ಮೀನು ತೋರಸು, ನಾ ಈಗೇ ಕತ್ತರಿ ನಿಲ್ಲಸ್ತೀನಿ.

ದೊಡ್ಡವ್ವನ ಬೆರಳಿಗೆ ಕತ್ತರಿ ಸೋಮವಾರಕ್ಕೆ, ಹನ್ನೊಂದು ಗಂಟೆಗೆ, ಇವತ್ತು ಶನಿವಾರ. ದೀಪಾವಳಿಗೆ ಒಂದು ಗುಳ್ಳೆ, ಮುಳ್ಳು ಚುಚ್ಚಿದೆ ಅಂದಳು ದೊಡ್ಡವ್ವ, ಅರಿಶಿನ ಎಣ್ಣೆ ಕಾಸಿ ಹಚ್ಚಿದಳು, ಊರಿನ ಡಾಕ್ಟರು ಕೊಯ್ದು ಕೀವು ತೆಗೆದರು, ಎರಡು ನಮೂನೆ ಗುಳಿಗೆ, ಗುಳ್ಳೆ ಹೋಗಿ ಹುಣ್ಣು, ಹುಣ್ಣಿನ ಮೇಲೆ ಮಣಿಕಟ್ಟಿನ ಹತ್ತಿರ ಇನ್ನೊಂದು, ಅದರ ಮೇಲೆ ಮೊಣಕೈ ಕಡೆಗೆ ಇನ್ನೊಂದು, ಮಣಿ ಪೋಣಿಸಿದಂತೆ ಸಾಲಾಗಿ ಏರುತ್ತಾ, ಓಣಿಯಲ್ಲಿ ಯಾರೋ ಆ ದೊಡ್ಡ ರೋಗದ ಹೆಸರು ಉಸುರಿದರು, ಸಂಕ್ರಾಂತಿಗೆ ಎಳ್ಳು ಕೊಡಲು ಬಂದವರು ದೊಡ್ಡವ್ವನ ಕೈ ಮುಟ್ಟದೆ ಎಳ್ಳನ್ನು ತಟ್ಟೆಗೆ ಹಾಕಿ ಹೋದರು, ದೊಡ್ಡವ್ವ ಅದನ್ನೂ ನಕ್ಕೇ ಹೇಳಿದಳು, ನನಗ ಈಗ ದೇವರ ಮರ್ಯಾದಿ ಬಂದದ ನೋಡು, ಎಲ್ಲಾರೂ ದೂರದಿಂದೇ ಅರ್ಪಣಾ ಮಾಡಾಕತ್ತಾರ. ಮೂವತ್ತು ವರ್ಷ ಅಂಗನವಾಡಿ ಟೀಚರ್ ಆಗಿದ್ದ ದೊಡ್ಡವ್ವ ಗುರುಲಿಂಗಮ್ಮ ಅಳುವುದು ಮಕ್ಕಳ ಕೆಲಸ ಅನ್ನುವವಳು. ಆದರೆ ಪೂಜೆ, ಪೂಜೆಯ ಹೊತ್ತು ಭುವನೇಶ್ವರಿಗೆ ನೋಡಲಾಗುವುದಿಲ್ಲ, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿ ಕೂರುತ್ತಿದ್ದವಳು ಈಗ ಕೀವಿನ ಕೈಯಲ್ಲಿ ಬೇಡವೆಂದು ಮಣೆಯ ಮೇಲೆ ಬಟ್ಟೆ ಹಾಸಿ ಲಿಂಗ ಇಟ್ಟು ಕೂರುತ್ತಾಳೆ, ಬ್ಯಾಂಡೇಜಿನ ಎಡಗೈ ಮಾತ್ರ ಮಡಿಲಲ್ಲಿ ತಾನಾಗಿಯೇ ಮೇಲ್ಮುಖವಾಗಿ ತೆರೆದುಕೊಂಡಿರುತ್ತದೆ, ಖಾಲಿ, ಅಂಗೈ, ಬಟ್ಟಲಿನ ಹಾಗೆ. ಸರ್ಜನ್ ಎಕ್ಸ್‌ರೇ ತೋರಿಸಿ ಗೆಣ್ಣಿಗೆ ಇಳಿದಿದೆ, ಬೆರಳು ತೆಗೆಯದಿದ್ದರೆ ಕೈಗೆ ಬರುತ್ತದೆ ಎಂದಾಗ ಅಪ್ಪ ಕುರ್ಚಿ ಹಿಡಿದುಕೊಂಡು ಅತ್ತಿಗೆಯತ್ತ ನೋಡುತ್ತಾ ವೈನಿ, ವೈನಿ ಅನ್ನುತ್ತಿದ್ದ, ದೊಡ್ಡವ್ವ ಒಂದೇ ಒಂದು ಕೇಳಿದಳು, ನಡುವಿನ ಬೆರಳು ಹೋದ ಮ್ಯಾಲೆ ಅಂಗೈ ಹೊಂದತದೇನ್ರಿ ಸಾಹೇಬ್ರ, ಮ್ಯಾಲೆ ಇಟ್ಟಿದ್ದು ಜಾರಿ ಬೀಳಂಗಿಲ್ಲ ಹೌದಲ್ರಿ? ಸರ್ಜನ್‌ಗೆ ಅರ್ಥವಾಗಲಿಲ್ಲ, ಚಹಾದ ಕಪ್ಪು ಬಲಗೈಯಲ್ಲಿ ಹಿಡಿಯಬಹುದು ಅಮ್ಮಾ ಎಂದರು.

ವಾಡಿ. ಗಾಡಿ ನಿಂತಿತು, ಇಲ್ಲಿ ನಿಂತರೆ ನಿಂತಿತೇ, ಸಿಮೆಂಟಿನ ಬೂದಿಗಾಳಿ, ಮಿರ್ಚಿಯ ಎಣ್ಣೆಯ ವಾಸನೆ, ಹೊರಡುತ್ತದೋ ಇಲ್ಲವೋ, ಪಾದದ ಮೇಲೆ ಸುರ್ ಎಂದು ಕಚ್ಚಿತು, ಸೊಳ್ಳೆ, ಹಗಲು ಸೊಳ್ಳೆ, ಬಗ್ಗಿ ಹೊಡೆದಳು, ಕೈಗೆ ರಕ್ತ, ತನ್ನದೇ, ಎದುರಿನ ಹೆಂಗಸು ಹೇಳುತ್ತಾಳೆ ವಾಡಿ ಸೊಳ್ಳಿ ಟಿಕೆಟ್ ಇಲ್ಲದ ಸೇಡಂ ತನಕ ಬರ್ತಾವ ನೋಡವಾ, ಭುವನೇಶ್ವರಿ ನಕ್ಕಳು, ನಮ್ಮ ಮನೆಯಲ್ಲಿ ಮಾತ್ರ ಸೊಳ್ಳೆ ಇಲ್ಲ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ, ಹೇಳುವವಳಲ್ಲ ಅವಳು, ಮನಸ್ಸಿನಲ್ಲೇ ಹೇಳಿಕೊಂಡಳು, ಓಣಿಗೆಲ್ಲ ಡೆಂಗೀ ಬಂದರೂ ನಮ್ಮ ಮನೆಗೆ ಬರಲಿಲ್ಲ, ದೊಡ್ಡವ್ವ ಬಂದವರೆದುರು ಜಂಬ ಕೊಚ್ಚುತ್ತಾಳೆ, ನಮ್ಮ ಟಾಕ್ಯಾಗ ಒಂದು ಹುಳಾ ತೋರಸು, ಚಹಾ ಕೊಡ್ತೀನಿ, ಯಾಕೆಂದರೆ ನಮ್ಮ ತೊಟ್ಟಿಯಲ್ಲಿ — ತೊಟ್ಟಿಯಲ್ಲಿ — ಕೈ ಪಾದದ ಮೇಲೇ ನಿಂತುಬಿಟ್ಟಿತು. ಹಿತ್ತಲಿನ ಫರ್ಸಿ ಕಲ್ಲಿನ ತೊಟ್ಟಿ, ಎದೆಮಟ್ಟದ್ದು, ಪಾಚಿಯ ತಂಪು, ಅದರಲ್ಲಿ ಗಪ್ಪಿ, ಹುಳ ತಿನ್ನುವ ಗಪ್ಪಿ, ಬಾಲಕ್ಕೆ ಬಣ್ಣ ಹಚ್ಚಿದ ಉಗುರಿನಷ್ಟು ಗಪ್ಪಿ, ಅದು ಮೀನು. ಮೀನು! ಹೆಸರಿನ ಹಿಂದೆ ಮೀನೆಂಬ ಮಾತೇ ಮನೆಯಲ್ಲಿ ಯಾರೂ ಹಚ್ಚಿದ್ದಿಲ್ಲ, ಮೀನೆಂದರೆ ತಿನ್ನುವುದು, ವಾಸನೆ ಬರುವುದು, ಬೇರೆಯವರ ಮನೆಯದು, ತೊಟ್ಟಿಯದು ಗಪ್ಪಿ, ಪೊರಕೆಯ ಹಾಗೆ, ಬ್ಲೀಚಿಂಗ್ ಪುಡಿಯ ಹಾಗೆ ಒಂದು ಸಾಮಾನು. ಮುಟ್ಟತಾರೇನು ಎಂದು ಮೇಡಂ ಕೇಳಿದರೆ ಇವಳ ಬಾಯಿ ತಿನ್ನುವುದಕ್ಕೆ ಉತ್ತರ ಕೊಟ್ಟಿತ್ತು, ಮೈಕ್ರೋಬಯಾಲಜಿಯ ಪದವಿ ಪಡೆದ ಬಾಯಿ, ಊರಿನ ಡಾಕ್ಟರಿಗೂ ಮನೆಯವರು ಇದೇ ಹೇಳಿರಬೇಕು, ಶಿವಶಿವಾ, ನಾವು ಅಂಥವರಲ್ಲ್ರಿ.

ಡೈರಿ, ಡೈರಿ ಎಲ್ಲಿ, ಚೀಲ ಬಗೆದಳು, ಬುತ್ತಿಡಬ್ಬಿ ಠಣ್ಣೆಂದು ಬಿತ್ತು, ಬೀಳಲಿ, ಶ್ರಾವಣದ ಹಾಳೆಗಳು, ಎರಡನೆಯ ಸೋಮವಾರ, ಇವಳದೇ ಗುಂಡಕ್ಷರ, ನಾಹಿದಳ ಮನೆಯಿಂದ ತಂಬಿಗೆಯಲ್ಲಿ ಹನ್ನೊಂದು ಗಪ್ಪಿ ತಂದೆ, ದೊಡ್ಡವ್ವ ಬೈದಳು. ಕಾಲೇಜಿನ ಗೆಳತಿ ನಾಹಿದ, ಅವಳಿಗೆ ಅವಳ ಮಾಮಿ ಕೊಟ್ಟದ್ದು, ಮಾಮಿಗೆ ಇನ್ಯಾರೋ, ಮೊಸರಿನ ಹೆಪ್ಪು ಕೇಳಿ ಒಯ್ಯುವಂತೆ ಆ ಮಳೆಗಾಲ ಸೇಡಂನಲ್ಲಿ ಮನೆಯಿಂದ ಮನೆಗೆ ಗಪ್ಪಿ ಓಡಾಡುತ್ತಿದ್ದವು, ಹೆಪ್ಪಿನಲ್ಲಿ ಏನು ಬಂತೋ ಯಾರು ನೋಡಿದರು. ಲಿಂಗವಂತರ ಮನಿ ನೀರಾಗ ಮೀನಾ ಎಂದು ದೊಡ್ಡವ್ವ ಒಂದೇ ಸಲ ಅಂದಿದ್ದಳು, ಒಂದೇ ಸಲ, ಆ ಮಾತನ್ನೂ ಬರೆದಿಟ್ಟಿದ್ದಾಳೆ, ಇವಳು ವಾದ ಮಾಡಿದಳು, ಮನೆಯಲ್ಲಿ ಮಾತ್ರ ವಾದ ಬರುತ್ತದೆ ಇವಳಿಗೆ. ಪುಟ ತಿರುವಿದಳು, ದಸರೆಗೆ ಮೂರು ದಿನ ಮುಂಚೆ, ದೊಡ್ಡವ್ವ ತೊಟ್ಟಿ ತಿಕ್ಕುವಾಗ ಫರ್ಸಿಯ ಅಂಚು ಎಡಗೈ ನಡುಬೆರಳನ್ನು ಕೊಯ್ದಿತು, ಬಟ್ಟೆ ಸುತ್ತಿ ಮತ್ತೆ ತಿಕ್ಕಿದಳು — ಅಯ್ಯೋ ಬರೆದಿದ್ದೀನಿ, ಕೊಯ್ದದ್ದು ಬರೆದಿದ್ದೀನಿ, ಬೆರಳು ಯಾವುದೆಂದೂ ಬರೆದಿದ್ದೀನಿ, ಐದು ತಿಂಗಳು ಈ ಚೀಲದಲ್ಲಿ ಹೊತ್ತು ತಿರುಗಿದ್ದೀನಿ — ಪುಟ, ಕಾರ್ತಿಕ, ಒಂದು ಗಪ್ಪಿ ಸತ್ತಿತು, ಬೆನ್ನು ಗೂನಾಗಿತ್ತು, ದೊಡ್ಡವ್ವ ಉಣ್ಣಲಿಲ್ಲ. ಗೂನು! ರೋಗ ಹಿಡಿದ ಮೀನು ಬಡವಾಗಿ ಬೆನ್ನು ಬಾಗುತ್ತದೆ, ಪುಸ್ತಕದಲ್ಲಿ ಅದೂ ಇತ್ತು. ಅಳುವೋ ನಗುವೋ ಗೊತ್ತಾಗುತ್ತಿಲ್ಲ, ತಂದವಳು ನಾನು, ತಂಬಿಗೆ ನನ್ನದು, ಹನ್ನೊಂದು ಎಣಿಸಿ ತಂದೆ, ಆ ಹುಣ್ಣು ನಾನು ತಂದದ್ದು, ಹುಣ್ಣಿನ ಹೆಸರೂ ನಾನೇ ಹಿಡಿದದ್ದು, ಬೆರಳು ಉಳಿಯುತ್ತದೆ, ಉಳಿಯುತ್ತದೆ, ಮೂರ್ನಾಲ್ಕು ತಿಂಗಳ ಗುಳಿಗೆ, ಅಷ್ಟೇ, ಈ ಡಬ್ಬಿಯವರೆಲ್ಲ ಯಾಕೆ ಇಷ್ಟು ತಣ್ಣಗೆ ಕೂತಿದ್ದಾರೆ.

ಫೋನು ಮಾಡಬೇಕು. ಮೇಡಂಗೆ ಇವಳು ಯಾವತ್ತೂ ಫೋನು ಮಾಡಿದವಳಲ್ಲ, ಸಂದೇಶ ಕಳಿಸುವವಳು, ಅದನ್ನೂ ಮೂರು ಸಲ ಅಳಿಸಿ, ಬೆರಳು ಹೆಸರಿನ ಮೇಲೆ ಹೋಗಿ ನಿಂತಿತು, ಏನು ಹೇಳಲಿ, ಮೇಡಂ ನಾನು ಸುಳ್ಳು ಹೇಳಿದೆ, ಇಲ್ಲ, ಮೇಡಂ ಮೀನಿದೆ, ಸರಿ, ಮೀನಿದ್ದರೆ ಕೈ ಹೇಗೆ ಹೋಯಿತು ಅನ್ನುತ್ತಾರೆ, ತೊಟ್ಟಿ ತಿಕ್ಕುವಾಗ ಒಂದು ಸಲ ಕೊಯ್ದದ್ದಕ್ಕೇ ಇಷ್ಟೆಲ್ಲ ಏರುತ್ತದೆಯೇ, ಸರ್ಜನ್ ಒಪ್ಪಬೇಕಲ್ಲ, ಒಪ್ಪಬೇಕಾದರೆ ಆ ಇನ್ನೊಂದನ್ನೂ ಹೇಳಬೇಕು, ಡೈರಿಯಲ್ಲಿ ಬರೆದು ಮೇಲೆ ಗೀಟು ಹಾಕಿದ ಸಾಲು, ದೊಡ್ಡವ್ವನ ಗುಟ್ಟು. ದಸರೆಯಾದ ಮೇಲಿನ ಹುಣ್ಣಿಮೆಯ ಹಿಂದಿನ ದಿನ, ಮಧ್ಯಾಹ್ನ, ಎಲ್ಲರೂ ಮಲಗಿದ್ದರು, ಇವಳು ನೀರಿಗೆಂದು ಹಿತ್ತಲಿಗೆ ಹೋದರೆ ದೊಡ್ಡವ್ವ ತೊಟ್ಟಿಯ ಅಂಚಿಗೆ ಎದೆ ಹಚ್ಚಿ ನಿಂತಿದ್ದಳು, ಕುಪ್ಪಸದ ತೋಳು ಮೇಲೆ ಏರಿಸಿ, ಬಲಗೈಯಿಂದ ಜೋಳದ ರೊಟ್ಟಿಯ ಚೂರು ಉದುರಿಸುತ್ತಾ, ಹಾಜರಿ ತಗೊಳ್ಳುತ್ತಿದ್ದಳು, ಕೆಂಪ್ಯಾ ಬಂದೇನು, ಚುಕ್ಕಿ ಬಂದೇನು, ಗೂನ್ಯಾ ನೀ ಎಲ್ಲಿ ಅದಿ, ಇವತ್ತೂ ತಡಾ ಮಾಡೀದಿ, ಮತ್ತು ಎಡಗೈ ನೀರೊಳಗೆ, ಅಂಗೈ ಮೇಲಾಗಿ, ಬಟ್ಟಲಿನ ಹಾಗೆ, ಮೀನುಗಳು ಒಂದೊಂದೇ ಬಂದು ಅದರೊಳಗೆ ಕೂರುತ್ತಿದ್ದವು, ಲಿಂಗ ಕೂರುವ ಜಾಗದಲ್ಲಿ, ದೊಡ್ಡವ್ವನ ಮುಖ ಆಗ ಹೇಗಿತ್ತೆಂದರೆ, ಪೂಜೆಯ ಹೊತ್ತಿನಲ್ಲಿ ಇರುವ ಹಾಗೇ ಇತ್ತು, ಭುವನೇಶ್ವರಿ ಕೊಡ ತುಂಬದೆ ತಿರುಗಿ ಬಂದಳು. ಅದನ್ನು ಹೇಳುವುದೇ, ಅಪ್ಪ ಕೇಳಿದರೆ, ಓಣಿ ಕೇಳಿದರೆ. ಗಾಡಿ ಜಗ್ಗಿತು, ಬೆರಳು ಜಾರಿತು, ಅತ್ತ ಫೋನು ರಿಂಗಾಗುತ್ತಿದೆ, ಹೇಳು ಭುವನಾ, ಮೇಡಂ ದನಿ, ಇವಳ ದನಿ, ಇದು ಇವಳ ದನಿಯೇ, ಡಬ್ಬಿಗೆಲ್ಲ ಕೇಳುವಂಥದು, ಮೀನವ ಮೇಡಂ, ನಮ್ಮ ಟಾಕ್ಯಾಗ ಗಪ್ಪಿ ಅವ, ನಾನೇ ತಂದೀನಿ, ದಸರಾಕ ಬೆರಳ ಕೊಯ್ಕೊಂಡಾಳ, ದಿನಾ ಎಡಗೈ ನೀರಾಗ ಇಡ್ತಾಳ, ಮೀನು ಬಂದು ಕೈಯಾಗ ಕುಂದರ್ತಾವ, ತಾರೀಖ ಎಲ್ಲಾ ಬರದಿಟ್ಟೀನ್ರಿ. ಅತ್ತಿಂದ ಮೇಡಂ ನಿಧಾನಕ್ಕೆ, ಸೋಮವಾರ ಕತ್ತರಿ ಇಲ್ಲ, ನಾ ಈಗ ಹೇಳ್ತೀನಿ ಅವರಿಗೆ, ಗುಳಿಗಿ ಸುರು ಮಾಡೋಣ. ಆದ್ರ ನನಗ ಮೀನು ಬೇಕು. ಜೀವ ಇರೋವು ಎರಡು, ಒಂದು ಬಾಟಲಿ ನೀರು, ನಾಳಿ ಬೆಳಿಗ್ಗೇನೇ. ಮೀನಿನ್ಯಾಗೂ ಅದೇ ಹಳದಿ ಸಿಕ್ಕರ ಯಾರೂ ಬಾಯಿ ತೆರಿಯಂಗಿಲ್ಲ. ಮತ್ತ ಉಳದ ಮೀನು ತೆಗಿಸಿ ಟಾಕಿ ಬ್ಲೀಚ್ ಮಾಡಸು. ಫೋನು ಇಟ್ಟಾಗ ಎದುರಿನ ಹೆಂಗಸು ಕೇಳಿದಳು, ಯಾರಿಗರ ಹೆರಿಗಿ ಆಯ್ತೇನವಾ? ಹೌದ್ರಿ, ಎಂದಳು ಭುವನೇಶ್ವರಿ, ಯಾಕೆ ಹಾಗೆಂದಳೋ, ಇಬ್ಬರೂ ನಕ್ಕರು.

ಚಿತ್ತಾಪುರ ಬಂತು ಹೋಯಿತು, ಮಳಖೇಡದ ಹತ್ತಿರ ಕಾಗಿಣಾ ಹೊಳೆ ಬಿಸಿಲಿಗೆ ತಗಡಿನಂತೆ ಹೊಳೆಯಿತು, ಅದರಲ್ಲೂ ಮೀನಿದ್ದಾವೆ, ಎಷ್ಟೊಂದು, ಸೇಡಂನಲ್ಲಿ ಇಳಿದು ಆಟೋ ಕೂಗದೆ ನಡೆದಳು, ನಡೆದಳೇ ಓಡಿದಳೇ, ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಹೊಂದಿಸಿದಳು, ಬೆರಳು ಮೊದಲು, ಮೀನು ಆಮೇಲೆ, ಮನೆಯಲ್ಲಿ ಬೇರೆ ಯಾರೂ ಇಲ್ಲ, ದೊಡ್ಡವ್ವ ಹಿತ್ತಲಿನಲ್ಲಿ ಒಣಗಿದ ಬಟ್ಟೆ ಮಡಚುತ್ತಾ, ಬ್ಯಾಂಡೇಜಿನ ಕೈ ಎದೆಗೆ ಒತ್ತಿಕೊಂಡು ಒಂದೇ ಕೈಯಿಂದ. ದೊಡ್ಡವ್ವಾ, ಬೆರಳ ತೆಗೆಯಂಗಿಲ್ಲಂತ. ದೊಡ್ಡವ್ವ ಬಟ್ಟೆ ಕೆಳಗಿಟ್ಟಳು, ಕೂತಳು, ಮುಖ ಏನೋ ಆಯಿತು, ಮಕ್ಕಳ ಕೆಲಸ ಇನ್ನೇನು ಮಾಡಿಬಿಡುತ್ತಾಳೆ ಎನ್ನುವಷ್ಟರಲ್ಲಿ ಉಳಿದದ್ದನ್ನೂ ಇವಳು ಹೇಳಿಬಿಟ್ಟಳು, ತಂಬಿಗೆ, ಹನ್ನೊಂದು, ಫರ್ಸಿಯ ಅಂಚು, ಹಳದಿ, ತಪ್ಪು ನಂದು ದೊಡ್ಡವ್ವಾ. ದೊಡ್ಡವ್ವ ತೊಟ್ಟಿಯ ಕಡೆ ನೋಡಿದಳು. ನಾ ನೀರಾಗ ಕೈ ಇಡೋದು ನೀ ನೋಡೀಯೇನು? ನೋಡೀನಿ. ಡೈರ್ಯಾಗ ಬರದೀಯೇನು? ಬರದೀನಿ. ಮನ್ಯಾಗೊಂದು ಪೊಲೀಸ್ ಠಾಣಾ ಸಾಕೀವಿ ಅನ್ನು, ಎಂದಳು, ನಗಲಿಲ್ಲ. ಎರಡು ಮೀನು ಬೇಕಂತ ದೊಡ್ಡವ್ವಾ, ಜೀವ ಇರೋವು. ಒಯ್ದು? ಭುವನೇಶ್ವರಿ ಕೆಳಗಿದ್ದ ಬಟ್ಟೆ ಎತ್ತಿ ಮಡಚತೊಡಗಿದಳು. ಉಳದಾವು? ಭುವನೇಶ್ವರಿಯ ಕಣ್ಣು ಮೂಲೆಯ ಬ್ಲೀಚಿಂಗ್ ಪುಡಿಯ ಡಬ್ಬಿಗೆ ಹೋಯಿತು. ಹಂಗಾದ್ರ ನನ್ನ ಬೆರಳಿನ ಬದಲಿ ಅವು, ಎಂದಳು ದೊಡ್ಡವ್ವ, ತನಗೇ ಪಾಠ ಒಪ್ಪಿಸಿಕೊಂಡಂತೆ.

ಒಳಗಿಂದ ಚಹಾ ಸೋಸುವ ಜಾಳಿಗೆ ತಂದಳು ಭುವನೇಶ್ವರಿ, ಒಂದು ಗಾಜಿನ ಬಾಟಲಿ, ಹಿಂದೆ ಲ್ಯಾಬಿನಿಂದ ತಂದಿಟ್ಟಿದ್ದ ರಬ್ಬರ್ ಕೈಗವಸು ಹಾಕಿಕೊಂಡು ಬಗ್ಗಿದಳು, ಜಾಳಿಗೆ ನೀರು ಮುಟ್ಟುತ್ತಲೇ ಎಲ್ಲವೂ ತಳಕ್ಕೆ, ಪಾಚಿಯೊಳಗೆ, ಒಂದೂ ಇಲ್ಲ, ಮತ್ತೆ ಹಾಕಿದಳು, ಇಲ್ಲ, ತೋಳೆಲ್ಲ ಒದ್ದೆ, ಕಿವಿಯಲ್ಲಿ ಮೇಡಂ ಮಾತು, ನಾಳೆ ಬೆಳಿಗ್ಗೆ, ಒಂದು ಮೀನು ತೋರಸು, ಹಿಂದಿನಿಂದ ದೊಡ್ಡವ್ವ ಅಂದಳು, ಸರಿ ಅತ್ತಾಗ, ಅವಕ್ಕ ನಿನ್ನ ಗುರ್ತಿಲ್ಲ. ಬ್ಯಾಡ ದೊಡ್ಡವ್ವಾ, ಗಾಯದಾಗ ಮತ್ತ — ಆಗೋದು ಆಗೇದ. ಬ್ಯಾಂಡೇಜು ಬಿಚ್ಚಿದಳು, ಸುರುಳಿ ಸುರುಳಿಯಾಗಿ ಅದು ಕಲ್ಲಿನ ಮೇಲೆ ಬಿತ್ತು, ಬಲಗೈಯಲ್ಲಿ ಮಧ್ಯಾಹ್ನದ ರೊಟ್ಟಿಯ ಚೂರು, ಹೆಸರು ಹಿಡಿದು ಕರೆಯಲಿಲ್ಲ ಇವತ್ತು, ಯಾರ ಹಾಜರಿಯನ್ನೂ ತಗೊಳ್ಳಲಿಲ್ಲ, ಎಡಗೈಯನ್ನು ಸುಮ್ಮನೆ ನೀರಿಗೆ ಇಳಿಸಿದಳು, ಅಂಗೈ ಮೇಲಾಗಿ, ನೀರು ಅಲುಗದೆ ನಿಂತಿತು, ಪಾಚಿಯ ಸಂದಿನಿಂದ ಒಂದು ಕೆಂಪು ಬಾಲ, ಬಂತು, ಹಿಂದೆ ಸರಿಯಿತು, ಬಂತು, ಬೆರಳುಗಳ ಸುತ್ತ ಒಂದು ಸುತ್ತು ಹಾಕಿ ಒಳಗೆ ಕೂತಿತು, ಕೈ ಮೇಲೆ ಏಳುತ್ತಿದೆ, ನಿಧಾನ, ಐದೂ ಬೆರಳು ಒಂದಕ್ಕೊಂದು ಒತ್ತಿಕೊಂಡು, ನಡುಬೆರಳಿನ ಹುಣ್ಣು ಬಿಸಿಲಿಗೆ ಕೆಂಪಗೆ, ನೀರು ಸೋರಿ ಸೋರಿ ಅಂಗೈಯ ಕುಳಿಯಲ್ಲಿ ಒಂದು ಗುಟುಕು ಉಳಿದು, ಲಿಂಗ ಹಿಡಿಯುತ್ತಿದ್ದ ಹಾಗೇ ಕಣ್ಣಿನ ಮಟ್ಟಕ್ಕೆ ಬಂದು ನಿಂತಿತು, ಬಾಟಲಿ ಹಿಡಿ ಅಂತ ದೊಡ್ಡವ್ವ ಅನ್ನುತ್ತಿದ್ದಾಳೆ, ಬಾಟಲಿ ಇವಳ ಕೈಯಲ್ಲೇ ಇದೆ, ಅಂಗೈ, ಅದರಲ್ಲಿ ಗುಟುಕು ನೀರು, ನೀರಿನಲ್ಲಿ ಮೀನು, ಬಾಯಿ ತೆರೆದು, ಮುಚ್ಚಿ, ತೆರೆದು —